ಅಧ್ಯಕ್ಷರ ಹೆಂಡತಿ ಬಾಗಿಲು ತೆರೆದ ಮೇಲೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಫೋಟೋಗಳಿಗೆ ಕಟ್ಟು ಹಾಕುವ ಮುದುಕರು. ಹೇಳಿದ್ದು ಮುಚ್ಚಳದಮ್ಮ ತೀರಿಕೊಂಡ ಮರುವರ್ಷ, ಬಿಸಿಲು ಇಳಿಯತೊಡಗಿದ್ದ ಒಂದು ಮಧ್ಯಾಹ್ನ, ಅವರ ಅಂಗಡಿಯಲ್ಲೇ. ನಾನು ಕೊಟ್ಟಿದ್ದ ಕನ್ನಡಿಯ ಕಟ್ಟಿಗೆ ಹಾಕಿದ ಅಂಟು ಇನ್ನೂ ಒಣಗಿರಲಿಲ್ಲ. ನನ್ನಂತೆಯೇ ಅಂಟಿಗಾಗಿ ಕಾಯುತ್ತಿದ್ದವರು ಬೇರೆ ಕೆಲವರಿದ್ದರು. ಅಂಗಡಿಗಿದ್ದದ್ದು ಒಂದೇ ಕುರ್ಚಿ. ಅದನ್ನು ಡ್ಯೂಟಿ ಮುಗಿಸಿ ಬಂದಿದ್ದ ಬಸ್ ಕಂಡಕ್ಟರಮ್ಮ ಹಿಡಿದಿದ್ದರಿಂದ ಉಳಿದವರು ಮರದ ಪಟ್ಟಿಗಳ ಹೊರೆಯ ಮೇಲೆ ಕೂತಿದ್ದೆವು.

ಆಮೇಲೆ ಇದೇ ಕಥೆಯನ್ನು ಲಾಂಡ್ರಿಯವಳ ಬಾಯಲ್ಲೂ ಹಲ್ಲಿನ ಡಾಕ್ಟರ ಬಾಯಲ್ಲೂ ಕೇಳಿದ್ದೇನೆ. ಲಾಂಡ್ರಿಯವಳ ಪಾಠದಲ್ಲಿ ಅಧ್ಯಕ್ಷರು ಒಂದೇ ಕಾಲಿನಿಂದ ನೇತಾಡುತ್ತಾರೆ. ಡಾಕ್ಟರ ಪಾಠದಲ್ಲಿ ಹಲ್ಲಿನ ಸಂಗತಿ ಕಥೆಗೆ ಬೇಕಾದದ್ದಕ್ಕಿಂತ ಹೆಚ್ಚು. ಕಟ್ಟಿನವರು ಹೇಳಿದ ಪಾಠದಲ್ಲಿ ಎರಡೂ ಕಾಲುಗಳಿವೆ, ಹಲ್ಲು ಹದವಾಗಿದೆ. ಇಲ್ಲಿ ಅದನ್ನೇ ಉಳಿಸಿಕೊಂಡಿದ್ದೇನೆ.

ಮುಚ್ಚಳದಮ್ಮ ಎಂಬುದು ಊರು ಇಟ್ಟ ಹೆಸರು. ಅವರ ಕ್ಯಾಮೆರಾ ಎಂದರೆ ಮುಕ್ಕಾಲಿಯ ಮೇಲೆ ಕೂತ ಒಂದು ಮರದ ಪೆಟ್ಟಿಗೆ. ಒತ್ತುವುದಕ್ಕೆ ಗುಂಡಿಯಿಲ್ಲ. ಲೆನ್ಸಿನ ಮೂತಿಗೆ ಒಂದು ಹಿತ್ತಾಳೆಯ ಮುಚ್ಚಳ. ತೆಗೆದರೆ ಬೆಳಕು ಒಳಗೆ, ಹಾಕಿದರೆ ಬೆಳಕು ಹೊರಗೆ. ತೆಗೆದದ್ದಕ್ಕೂ ಹಾಕಿದ್ದಕ್ಕೂ ನಡುವೆ ಎದುರು ಕೂತವರು ಕಲ್ಲಾಗಬೇಕು.

ಹರೆಯದಲ್ಲಿ ಅವರು ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಬಂದವರೆಲ್ಲ ಬಣ್ಣದ ಜಲಪಾತ ಬರೆದ ಒಂದೇ ಪರದೆಯ ಮುಂದೆ ನಿಲ್ಲಬೇಕು, ಮಾಲೀಕ “ನಗಿ” ಎಂದರೆ ನಗಬೇಕು. ಒಂದು ದಿನ ಮುಚ್ಚಳದಮ್ಮ ಮಾಲೀಕನಿಗೆ, “ಇವರ್‍ಯಾರೂ ನಗ್ತಿಲ್ಲ ಸ್ವಾಮಿ, ಹಲ್ಲು ತೋರಿಸ್ತಿದ್ದಾರೆ. ಹಲ್ಲು ನೋಡೋಕೆ ಡಾಕ್ಟರಿದ್ದಾರೆ,” ಎಂದು ಹೇಳಿ ಹೊರಬಿದ್ದರಂತೆ. ಲಾಂಡ್ರಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದರು. ದೊಡ್ಡ ಕಿಟಕಿ, ಹಲಗೆಯ ನೆಲ. ಕೆಳಗೆ ಇಸ್ತ್ರಿ ಬಿಸಿಯಾದಾಗ ಹಲಗೆಗಳ ಸಂದಿನಿಂದ ಹಬೆ ಏಳುತ್ತಿತ್ತು. ಆ ಹಬೆಯನ್ನೂ ಅವರು ಬಿಡಲಿಲ್ಲ, ಚಿತ್ರಕ್ಕೆ ಸೇರಿಸಿಕೊಂಡರು. ಹಗ್ಗದ ಮೇಲೆ ಒಣಗುವ ಒದ್ದೆ ಬಟ್ಟೆ, ಸೀಳು ಬಿಟ್ಟ ಬಟ್ಟಲು, ಸವೆದ ಮೆಟ್ಟಿಲು: ಇಂಥವನ್ನು ಅವರು ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿದರೆ, ನೋಡಿದವರು ಬಟ್ಟೆ ಹಿಂಡಲು ಕೈ ಚಾಚುತ್ತಿದ್ದರು. ದೂರದ ದೊಡ್ಡ ಊರುಗಳ ಚಿತ್ರಶಾಲೆಗಳು ಅವನ್ನು ತರಿಸಿಕೊಂಡವು. ಅವರ ಹತ್ತಿರ ಕಲಿಯಲು ಜನ ರೈಲು ಹತ್ತಿ ಬಂದರು.

ಆದರೆ ಅವರು ಹೆಸರಾದದ್ದು ಮುಖಗಳಿಂದ. ಆ ಮುಖಗಳಲ್ಲಿ ಯಾರೂ ನಗುತ್ತಿಲ್ಲ, ಅಳುತ್ತಲೂ ಇಲ್ಲ. ಎಲ್ಲರ ಕಣ್ಣಲ್ಲೂ ಏನೋ ಇನ್ನೇನು ಬಂತು, ಬಂದೇಬಿಟ್ಟಿತು ಎಂಬ ಕಾತರ.

“ಅದರ ಗುಟ್ಟು ಏನ್ ಗೊತ್ತಾ?” ಎಂದರು ಕಟ್ಟಿನವರು, ಅಂಟಿನ ಕುಂಚವನ್ನು ನಮ್ಮತ್ತ ಬೀಸಿ. “ಕಥೆ! ಆಯಮ್ಮ ಕೂರಿಸಿ ಕಥೆ ಹೇಳೋರು. ಎಂಥಾ ಕಥೆ ಅಂತೀರಿ, ಹೊಟ್ಟೆ ಹುಣ್ಣಾಗಬೇಕು. ಇನ್ನೇನು ಕೊನೆ ಬರುತ್ತೆ ಅನ್ನೋವಾಗ ಬಾಯಿ ಮುಚ್ಚಿ ಲೆನ್ಸಿನ ಮುಚ್ಚಳ ತೆಗೆಯೋರು. ನೀವು ಉಸಿರು ಬಿಗಿ ಹಿಡಿದು ಕೂತಿರ್ತೀರಿ. ಅಲ್ಲಾಡೋಕೆ ಆಗುತ್ತಾ? ಅಲ್ಲಾಡಿದ್ರೆ ಕೊನೆ ಸಿಗಲ್ಲ! ಮುಚ್ಚಳ ಹಾಕಿದ ಮೇಲೇ ಕೊನೆ. ನನಗೂ ಹೇಳಿದ್ರು ಒಂದು. ನಕ್ಕು ನಕ್ಕು ಕುರ್ಚಿ ಸಮೇತ ಬಿದ್ದೆ.”

“ಯಾವ ಕಥೆ?” ಎಂದರು ಕಂಡಕ್ಟರಮ್ಮ.

“ಅದು ಹೆಂಗಸರ ಮುಂದೆ ಹೇಳೋ ಹಾಗಿಲ್ಲ.”

“ಹೇಳಿದವರೇ ಹೆಂಗಸಲ್ವೇನ್ರೀ!”

ಕಟ್ಟಿನವರು ಕೆಮ್ಮಿ, ತಂಗಿಯಮ್ಮನ ವಿಷಯಕ್ಕೆ ಬಂದರು.

ತಂಗಿಯಮ್ಮ ಮುಚ್ಚಳದಮ್ಮನ ಒಡಹುಟ್ಟಿದ ತಂಗಿ. ಕೂದಲು ನರೆತು ಮೊಮ್ಮಕ್ಕಳಾದರೂ ಊರಿಗೆಲ್ಲ ತಂಗಿಯಮ್ಮನೇ. ಹುಡುಗಿಯಾಗಿದ್ದಾಗಿನಿಂದ ಮುದುಕಿಯಾಗುವವರೆಗೆ ಪ್ರತಿ ವರ್ಷವೂ ಅಕ್ಕ ಅವರನ್ನು ಅದೇ ಕಿಟಕಿಯ ಪಕ್ಕ ಕೂರಿಸಿ ಒಂದು ಚಿತ್ರ ತೆಗೆಯುತ್ತಿದ್ದರು. ಚಿತ್ರಶಾಲೆಗಳು ಮುಗಿಬಿದ್ದದ್ದು ಆ ಸಾಲಿಗೇ. ಮುಖದಲ್ಲಿ ಗೆರೆಗಳು ಮೂಡುತ್ತಾ ಹೋಗುತ್ತವೆ, ಕಣ್ಣಿನ ಕಾತರ ಮಾತ್ರ ಒಂದು ದಿನವೂ ಹಳತಾಗುವುದಿಲ್ಲ.

ಹಳತಾಗದಿರಲು ಕಾರಣವಿತ್ತು. ಬೇರೆಯವರಿಗೆಲ್ಲ ಬಗೆಬಗೆಯ ಕಥೆ, ಬಗೆಬಗೆಯ ಕೊನೆ. ತಂಗಿಗೆ ಮಾತ್ರ ಪ್ರತಿ ವರ್ಷವೂ ಒಂದೇ ಕಥೆ, ಅದೂ ಕೊನೆಯಿಲ್ಲದೆ.

ಆ ಕಥೆ ಹೀಗಿದೆ. ಒಂದೂರಿನ ಅಧ್ಯಕ್ಷರಿಗೆ ತಮ್ಮ ಫೋಟೋ ತೆಗೆಸಬೇಕೆಂದು ಆಸೆಯಾಯಿತು. ಆದರೆ ಯಾರ ಮೇಲೂ ನಂಬಿಕೆಯಿಲ್ಲ. ಗುಮಾಸ್ತನನ್ನು ಕುರ್ಚಿಯಲ್ಲಿ ಕೂರಿಸಿ, ತಾವೇ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಕ್ಯಾಮೆರಾದ ಹಿಂಬದಿಯ ಮಬ್ಬು ಗಾಜನ್ನು ನೋಡಿದರು. ಅಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುವುದು ಆ ಕ್ಯಾಮೆರಾದ ಸ್ವಭಾವ. ಗುಮಾಸ್ತ ಬಾವಲಿಯಂತೆ ನೇತಾಡುತ್ತಿದ್ದ. “ಓಹೋ! ನನ್ನನ್ನೂ ಹೀಗೆ ಮಾಡಬೇಕು ಅಂತಿದ್ದೀಯಾ?” ಎಂದು ಅಧ್ಯಕ್ಷರು ಗುಡುಗಿದರು. ಫೋಟೋದವನು ಎಷ್ಟು ಬಿಡಿಸಿ ಹೇಳಿದರೂ ಕೇಳಲಿಲ್ಲ. “ಗಾಜಲ್ಲಿ ನಾನು ನೆಟ್ಟಗಿರಬೇಕು, ಅಷ್ಟೇ.” ಸರಿ, ತೊಲೆಗೆ ಹಗ್ಗ ಹಾಕಿ, ಎರಡೂ ಕಾಲು ಕಟ್ಟಿ, ಅಧ್ಯಕ್ಷರನ್ನೇ ತಲೆಕೆಳಗಾಗಿ ಎಳೆದು ನೇತುಹಾಕಿದರು. ಕೋಟು ಮುಖದ ಮೇಲೆ ಬಿತ್ತು. ಬಟ್ಟೆಯ ಕ್ಲಿಪ್ಪು ಹಾಕಿ ಬಿಗಿದರು. ಇಳಿಬಿಟ್ಟಿದ್ದ ಮೀಸೆ ಹುಬ್ಬು ಮುಟ್ಟಿತು. ಜೇಬಿನಿಂದ ಬೀಗದ ಕೈ, ಬಾಚಣಿಗೆ, ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ ಕಲ್ಲುಸಕ್ಕರೆ ಒಂದೊಂದಾಗಿ ಉದುರಿದವು. “ಈಗ ಹೇಗೆ ಕಾಣ್ತೀನಿ?” ಎಂದು ಕೇಳಲು ಬಾಯಿ ತೆರೆದರೆ ಹಲ್ಲಿನ ಸೆಟ್ಟೂ ಉದುರಿತು. ಗುಮಾಸ್ತ ಗಾಜು ನೋಡಿ, “ದಿವ್ಯವಾಗಿದ್ದೀರಿ ಸಾರ್, ಪ್ರತಿಮೆ ಥರ!” ಎಂದ. ಆಗ ಬಾಗಿಲು ತೆರೆಯಿತು. ಅಧ್ಯಕ್ಷರ ಹೆಂಡತಿ ಬಂದಳು. ಗಂಡನನ್ನು ನೋಡಿದಳು. ಹಗ್ಗವನ್ನು ನೋಡಿದಳು. ನೆಲದ ಮೇಲಿನ ಹಲ್ಲು ನೋಡಿದಳು. ಆಮೇಲೆ…

“ಕಣ್ಣು ಗಾಜಿನ ಮೇಲೆ,” ಎನ್ನುತ್ತಿದ್ದರು ಮುಚ್ಚಳದಮ್ಮ. ಎಂದರೆ ಲೆನ್ಸಿನ ಮೇಲೆ. ಇದು ಅವರ ಕೋಣೆಯ ಕಟ್ಟಾಜ್ಞೆ. ಆಕಡೆ ಈಕಡೆ ಕಣ್ಣು ಹೊರಳಿಸಿದರೆ ಚಿತ್ರ ಕೆಟ್ಟಿತು. ತಂಗಿಯಮ್ಮ ಉಸಿರು ಹಿಡಿದು, ಕಣ್ಣನ್ನು ಗಾಜಿಗೆ ಅಂಟಿಸಿ ಕೂರುತ್ತಿದ್ದರು. ಮುಚ್ಚಳ ತೆಗೆದು, ಕಾದು, ಮುಚ್ಚಳ ಹಾಕಿದ್ದೇ ತಡ, “ಆಮೇಲೆ? ಆಮೇಲೇನು ಮಾಡಿದ್ಲು ಅಕ್ಕಾ?” ಎಂದು ಎಗರುತ್ತಿದ್ದರು.

“ಆಮೇಲೇನು? ಮುಗೀತಲ್ಲ.”

“ಎಲ್ಲಿ ಮುಗೀತು? ಬಾಯೇ ಬಿಡ್ಲಿಲ್ಲ ನೀನು!”

“ಮುಗೀತು ಕಣೇ. ಗಾಜು ನೋಡು ಅಂದ್ರೆ ಗಾಜೇ ನೋಡ್ತೀಯಲ್ಲ, ಅದಕ್ಕೇ ನಿನ್ನ ಕಂಡ್ರೆ ನನಗೆ ಆಸೆ. ಏಳು, ಟೀ ಕುಡಿಯೋಣ.”

ಇಷ್ಟು ಸಾಲದೆಂಬಂತೆ ಬಾಗಿಲಲ್ಲಿ ತಂಗಿಯಮ್ಮನ ಗಂಡ ನಿಂತಿರುತ್ತಿದ್ದರು. ಗಡಿಯಾರ ರಿಪೇರಿ ಅವರ ಕಸುಬು. ಜೀವಮಾನವಿಡೀ ಗಡಿಯಾರಗಳಿಗೆ ಕಿವಿ ಕೊಟ್ಟು ಕೊಟ್ಟು, ಮನುಷ್ಯರಿಗೆ ಕೊಡಲು ಕಿವಿ ಉಳಿದಿರಲಿಲ್ಲ. ಏನು ಹೇಳಿದರೂ “ಏನಂದ್ರಿ?” ಎನ್ನುತ್ತಿದ್ದುದರಿಂದ ಅದೇ ಅವರ ಹೆಸರಾಯಿತು. ಹೆಂಡತಿಯನ್ನು ಮನೆಗೆ ಕರೆದೊಯ್ಯಲು ಬರುವ ಏನಂದ್ರಿ, ಚಿತ್ರ ತೆಗೆಯುವುದು ಮುಗಿಯುವ ಹೊತ್ತಿಗೆ ಬಾಗಿಲ ಚೌಕಟ್ಟು ಹಿಡಿದು ಕಿಸಕ್ಕನೆ ನಗುತ್ತಿದ್ದರು, ಪ್ರತಿ ವರ್ಷವೂ. “ನನ್ನ ಮೂತಿ ನೋಡಿ ನಗ್ತೀರಲ್ರೀ, ನಾಚಿಕೆ ಆಗಲ್ವಾ?” ಎಂದು ತಂಗಿಯಮ್ಮ ದಾರಿಯುದ್ದಕ್ಕೂ ಬೈಯುತ್ತಿದ್ದರು. ಅವರು “ಏನಂದೆ?” ಎನ್ನುತ್ತಿದ್ದರು. ಬೈಗುಳ ಮುಗಿದ ಮೇಲೆ ಅಧ್ಯಕ್ಷರ ಕಥೆಯನ್ನು ಗಂಡನ ಕಿವಿಗೆ ಬಾಯಿಟ್ಟು ಕೂಗಿ ಹೇಳಿ, “ಆಮೇಲೆ ಏನಾಗಿರಬಹುದು?” ಎಂದು ಕೇಳುತ್ತಿದ್ದರು. ಹೀಗೆ ಇಡೀ ಬೀದಿಗೆ ಕಥೆ ಬಾಯಿಪಾಠವಾಗಿತ್ತು, ಆ “ಆಮೇಲೆ”ಯವರೆಗೆ.

ಮುಚ್ಚಳದಮ್ಮ ಹೋದದ್ದು ಅವರ ರೀತಿಯಲ್ಲೇ. ನಾಡಿ ನೋಡಲು ಬಂದ ಡಾಕ್ಟರಿಗೆ, “ಸ್ವಲ್ಪ ಕಿಟಕಿ ಕಡೆ ತಿರುಗಿ, ಮೂಗಿನ ನೆರಳು ಚೆನ್ನಾಗಿಲ್ಲ,” ಎಂದು ಗದರಿದರಂತೆ. ಅವರು ತಿರುಗುವಷ್ಟರಲ್ಲಿ ಮುಗಿದಿತ್ತು. ತಂಗಿಯಮ್ಮ ಅತ್ತರು. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಆಡಿದ ಮೊದಲ ಮಾತು: “ಹೇಳದೇ ಹೋದ್ಲಲ್ಲ, ಪಾಪಿ!”

ಅದು ತಮಾಷೆಯ ಮಾತಾಗಿರಲಿಲ್ಲ. ಊರಿನ ಹಲ್ಲಿನ ಡಾಕ್ಟರಿಗೆ, ಲಾಂಡ್ರಿಯವಳಿಗೆ, ದಾರಿಹೋಕರಿಗೆ ಕೂಡ ಅವರವರ ಕಥೆಯ ಕೊನೆ ಸಿಕ್ಕಿತ್ತು. ಬದುಕಿಡೀ ಎದುರು ಕೂತ ತನಗೊಬ್ಬಳಿಗೆ ಇಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ತನ್ನ ಮುಖ ಮಾತ್ರವೇ, ತಾನು ಬೇಡವಾಗಿದ್ದೆನೇ ಎಂಬ ಮುಳ್ಳು ತಂಗಿಯಮ್ಮನ ಎದೆಗೆ ನಾಟಿತ್ತು. ವರ್ಷ ತುಂಬುವಾಗ ಗ್ರಂಥಾಲಯದ ಮೇಲಿನ ಹಜಾರದಲ್ಲಿ ಅಕ್ಕನ ಚಿತ್ರಗಳನ್ನೆಲ್ಲ ತೂಗುಹಾಕಿ ನೆನೆಯಬೇಕೆಂದು ಊರವರು ಹೊರಟು, ತಂಗಿಯಮ್ಮನ ಮುಖದ ಸಾಲಿಗೆ ಒಪ್ಪಿಗೆ ಕೇಳಿದಾಗ, ಅವರು ಸೊಂಟಕ್ಕೆ ಕೈಕೊಟ್ಟು ಹೇಳಿದರು: “ಕೊನೆ ಗೊತ್ತಿರೋರು ಯಾರಾದ್ರೂ ಬಂದು ಹೇಳ್ಲಿ. ಇಲ್ಲಾಂದ್ರೆ ಪ್ರದರ್ಶನ ಮುಗಿದ ಸಂಜೆಯೇ ನನ್ನ ಮುಖಗಳನ್ನೆಲ್ಲ ಗೋಡೆಯಿಂದ ಇಳಿಸಿಕೊಂಡು ಹೋಗಿ ಪೆಟ್ಟಿಗೆಗೆ ಹಾಕಿ ಬೀಗ ಹಾಕ್ತೀನಿ. ಮತ್ತೆ ಯಾರೂ ನೋಡಬಾರದು.”

“ಹಾಕೋ ಪೈಕಿನೇ!” ಎಂದರು ಕಟ್ಟಿನವರು ನಮಗೆ. “ಆಯಮ್ಮನ ಹಟ ನಿಮಗೆ ಗೊತ್ತಿಲ್ಲ. ನಾನು ಎದೆ ಹೊಡ್ಕೊಂಡೇ ಮೊಳೆ ಹೊಡೆದೆ.”

ಪ್ರದರ್ಶನದ ದಿನ ಊರಿಗೆ ಊರೇ ಬಂತು. ಗೋಡೆಯ ತುಂಬ ತಮ್ಮ ತಮ್ಮ ಮುಖ ಹುಡುಕುವವರು. ಸಿಕ್ಕಿದ ಕೂಡಲೇ ಅಂದಿನ ಕಥೆ ನೆನಪಾಗಿ ಅಲ್ಲೇ ನಗುವವರು. ಈ ಮೂಲೆಯಲ್ಲಿ ಒಬ್ಬರು ಪಕ್ಕೆ ಹಿಡಿದುಕೊಂಡು ಬಾಗಿದರೆ, ಆ ಮೂಲೆಯಲ್ಲಿ ಇನ್ನೊಬ್ಬರು ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೆಳಗಿನಿಂದ ಗ್ರಂಥಾಲಯದವರು “ನಿಶ್ಶಬ್ದ” ಎಂಬ ಫಲಕ ಹಿಡಿದು ಮೇಲೆ ಬಂದು, ತಮ್ಮದೇ ಹಳೆಯ ಮುಖ ಕಂಡು, ಫಲಕದಿಂದ ಬಾಯಿ ಮುಚ್ಚಿಕೊಂಡು ಕೆಳಗಿಳಿದರು.

ನಡುವೆ ತಂಗಿಯಮ್ಮ ನ್ಯಾಯಾಧೀಶರಂತೆ ಕೂತಿದ್ದರು. ಕೊನೆ ಹೇಳಲು ಜನ ಸಾಲುಗಟ್ಟಿದರು. ಹಲ್ಲಿನ ಡಾಕ್ಟರು, “ಹೆಂಡತಿ ಹಲ್ಲು ಎತ್ಕೊಂಡು, ‘ಇದಕ್ಕೂ ನಿಮಗೂ ಇನ್ಮೇಲೆ ಸಂಬಂಧ ಇಲ್ಲ’ ಅಂದ್ಲು,” ಎಂದರು.

“ಸಪ್ಪೆ. ಮುಂದಿನವರು.”

ಲಾಂಡ್ರಿಯವಳು, “‘ಅಯ್ಯೋ, ಕೋಟಿನ ಇಸ್ತ್ರಿ ಹೋಯ್ತಲ್ರೀ!’ ಅಂದ್ಲು ಕಣಮ್ಮಾ. ಖಂಡಿತ.”

“ನಿನ್ನ ತಲೆ! ನಮ್ಮಕ್ಕನ ಕಥೆ ಇಸ್ತ್ರಿ ಹತ್ರ ನಿಲ್ಲುತ್ತಾ?”

ಹೋಟೆಲಿನವನು, “‘ಊಟಕ್ಕೆ ಇಳೀತೀರೋ, ಅಲ್ಲಿಗೇ ಬಡಿಸ್ಲೋ?’ ಅಂದ್ಲು.”

ಇದಕ್ಕೆ ಹಜಾರ ಗೊಳ್ಳೆಂದಿತು. ತಂಗಿಯಮ್ಮನ ತುಟಿಯೂ ಅಲುಗಿತು. ಆದರೂ ತಲೆಯಾಡಿಸಿದರು. “ಚೆನ್ನಾಗಿದೆ. ಆದ್ರೆ ಇದು ನಿನ್ನದು, ನಮ್ಮಕ್ಕನದಲ್ಲ.”

ಮಧ್ಯಾಹ್ನ ತಿರುಗುವ ಹೊತ್ತಿಗೆ ಸಾಲು ಕರಗಿತು. ಕೊನೆ ಮಾತ್ರ ಸಿಗಲಿಲ್ಲ. ಕಟ್ಟಿನವರು ಆಗಲೇ ಗೋಡೆಯಿಂದ ಮೊಳೆ ಕೀಳುವ ಇಕ್ಕಳವನ್ನು ಜೇಬಿನೊಳಗೆ ಮುಟ್ಟಿ ನೋಡಿಕೊಳ್ಳುತ್ತಿದ್ದರಂತೆ. ಅಷ್ಟರಲ್ಲಿ ಮುಚ್ಚಳದಮ್ಮನ ಬಳಿ ಕಲಿತಿದ್ದ ಹೆಂಗಸೊಬ್ಬಳು, ಗುರುಗಳ ಪೆಟ್ಟಿಗೆಯಲ್ಲಿ ಇನ್ನೊಂದೇ ಒಂದು ಫಿಲ್ಮು ಉಳಿದಿದೆ, ಅದೇ ಕ್ಯಾಮೆರಾದಲ್ಲಿ ಬಂದವರೆಲ್ಲರ ಒಂದು ಚಿತ್ರ ತೆಗೆಯೋಣ ಎಂದಳು. ಹಜಾರದ ಮೂಲೆಯಲ್ಲಿ ಕ್ಯಾಮೆರಾ, ಅದರ ಎಡಕ್ಕೆ ಮುಚ್ಚಳದಮ್ಮನ ಗಿಡ್ಡ ಸ್ಟೂಲು, ಕೋಣೆಯಲ್ಲಿ ಹೇಗಿತ್ತೋ ಹಾಗೆಯೇ ಇಟ್ಟಿದ್ದರು. ಕೂತು ಕೂತು ಸ್ಟೂಲಿನ ಬಣ್ಣ ಹಾರಿಹೋಗಿತ್ತು.

ತಂಗಿಯಮ್ಮ ಎದ್ದು ನಿಂತರು. “ಆ ಪೆಟ್ಟಿಗೆ ಮುಂದೆ ಕೂತು ಕೂತು ನನಗೆ ಸಾಕಾಯ್ತು. ಇವತ್ತು ಹಿಂದೆ ನಾನು ನಿಲ್ತೀನಿ. ಫಿಲ್ಮು ಹಾಕಿಕೊಡಮ್ಮ.”

ಅವರ ಮನಸ್ಸಿನಲ್ಲಿ ಒಂದು ಉಪಾಯವಿತ್ತು. ಇಷ್ಟು ಜನರನ್ನು ಒಟ್ಟಿಗೆ ನಿಲ್ಲಿಸಿ, ಕಥೆಯನ್ನು ಅಕ್ಕನ ಹಾಗೆಯೇ ಹೇಳಿ, ತುದಿಯಲ್ಲಿ ನಿಲ್ಲಿಸಿದರೆ, ನಿಜವಾದ ಕೊನೆ ಗೊತ್ತಿದ್ದೂ ಬಚ್ಚಿಟ್ಟವರು ಬಾಯಿ ಕಟ್ಟಲಾರರು; ತಡೆಯಲಾಗದೆ ಕಕ್ಕಿಯೇ ಕಕ್ಕುತ್ತಾರೆ.

ಜನ ಗೋಡೆಗೆ ಬೆನ್ನು ಮಾಡಿ ಮೂರು ನಾಲ್ಕು ಸಾಲಾಗಿ ನಿಂತರು. ಅವರ ತಲೆಗಳ ಮೇಲೆ, ಗೋಡೆಯಲ್ಲಿ, ಹುಡುಗಿ ತಂಗಿಯಮ್ಮನ ಮೊದಲ ಚಿತ್ರ ಹೊಸ ಕಟ್ಟಿನಲ್ಲಿ ತೂಗುತ್ತಿತ್ತು. ತಂಗಿಯಮ್ಮ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರು. ಒಳಗಿನಿಂದ ಕಿರುಚಿದರು: “ಅಯ್ಯಯ್ಯೋ! ಎಲ್ಲಾ ನೇತಾಡ್ತಿದ್ದೀರಲ್ರೋ! ಡಾಕ್ಟ್ರೇ, ನಿಮ್ಮ ಬೋಳುತಲೆ ಕೆಳಗಿದೆ, ಲಾಟೀನು ತೂಗುಹಾಕಿದ ಹಾಗಿದೆ!” ಸಾಲುಗಳು ಅಲ್ಲೇ ಅರ್ಧ ಕುಸಿದವು. ಮತ್ತೆ ನೆಟ್ಟಗೆ ನಿಲ್ಲಿಸಲು ಸಾಕುಸಾಕಾಯಿತು.

ಬಟ್ಟೆಯಿಂದ ಹೊರಬಂದು ಮುಚ್ಚಳ ಹಾಕಿ, ಶಿಷ್ಯೆ ಫಿಲ್ಮು ತೂರಿಸಿದ ಮೇಲೆ ತಂಗಿಯಮ್ಮ ಕಥೆ ಹೇಳಿದರು. ಅಕ್ಕನ ದನಿ, ಅಕ್ಕನ ಹುಬ್ಬು, ಅಕ್ಕ ನಿಲ್ಲಿಸುವ ಕಡೆ ನಿಲುಗಡೆ. ಕಲ್ಲುಸಕ್ಕರೆ ಉದುರಿತು. ಹಲ್ಲು ಉದುರಿತು. ಬಾಗಿಲು ತೆರೆಯಿತು. ಹೆಂಡತಿ ಗಂಡನನ್ನು ನೋಡಿದಳು, ಹಗ್ಗ ನೋಡಿದಳು, ಹಲ್ಲು ನೋಡಿದಳು. ಆಮೇಲೆ…

“ಕಣ್ಣು ಗಾಜಿನ ಮೇಲೆ!”

ಮುಚ್ಚಳದಮ್ಮನ ಕೈಯಲ್ಲಿ ಪಳಗಿದ ಊರು ಅದು. ಒಂದೇ ಏಟಿಗೆ ಎಲ್ಲ ಕಣ್ಣುಗಳೂ ಲೆನ್ಸಿಗೆ ನೆಟ್ಟವು, ಉಸಿರು ನಿಂತಿತು. ತಂಗಿಯಮ್ಮ ಮುಚ್ಚಳ ತೆಗೆದರು. ಬೆಳಗಿನಿಂದ ಕಾಲು ನೋಯುತ್ತಿತ್ತು. ಪಕ್ಕದ ಸ್ಟೂಲನ್ನು ಕಾಲಿನಿಂದಲೇ ಹತ್ತಿರಕ್ಕೆಳೆದು, ಸಾವಕಾಶವಾಗಿ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಎದುರಿಗಿದ್ದವರನ್ನು ನೋಡತೊಡಗಿದರು.

ಆ ಮೌನದೊಳಗಿಂದ ಕಿಸಕ್ಕೆಂಬ ಒಂದು ಸದ್ದು ಎದ್ದಿತು. ಮುಂದಿನ ಸಾಲಿನಲ್ಲಿದ್ದ ಏನಂದ್ರಿ! ‘ಕಣ್ಣು ಗಾಜಿನ ಮೇಲೆ’ ಎಂದದ್ದು ಅವರೊಬ್ಬರಿಗೆ ಕೇಳಿಸಿರಲಿಲ್ಲ. ಲೆನ್ಸನ್ನು ಬಿಟ್ಟು ಹೆಂಡತಿಯನ್ನೇ ನೋಡುತ್ತಿದ್ದರು. ಕಿಸಕ್ಕೆಂದದ್ದು ಕಿಲಕಿಲವಾಯಿತು. ತೊಡೆ ತಟ್ಟಿಕೊಂಡು ಬಾಗಿದರು.

“ಏನ್ರೀ ಅದು? ಈಗಲೂ ನನ್ನ ಮೂತಿನೇನಾ?” ಎಂದು ತಂಗಿಯಮ್ಮ ಸ್ಟೂಲಿನ ಮೇಲಿಂದಲೇ ಗದರಿದರು.

“ಕೂತ್ಲು!” ಎಂದರು ಏನಂದ್ರಿ, ಕಣ್ಣಲ್ಲಿ ನೀರು ಸುರಿಸುತ್ತಾ. “ಎಷ್ಟು ಚೆನ್ನಾಗಿ ಕೂತ್ಲು! ಥೇಟ್ ನಿಮ್ಮಕ್ಕನ ಹಾಗೇ!”

“ಯಾರು ಕೂತ್ಲು?”

“ಏನಂದೆ?”

“ಯಾರ್ರೀ ಕೂತಿದ್ದು?!”

“ಅಧ್ಯಕ್ಷರ ಹೆಂಡ್ತಿ! ಗಂಡ ನೇತಾಡ್ತಿದ್ದಾನೆ, ಅವಳು ಬಂದು ನೋಡಿ, ಇಳಿಸೋದು ಬಿಟ್ಟು, ಸ್ಟೂಲು ಎಳ್ಕೊಂಡು ಆರಾಮಾಗಿ ಕೂತ್ಲು, ಸಿನಿಮಾ ನೋಡೋ ಹಾಗೆ! ನಿಮ್ಮಕ್ಕ ಪ್ರತಿ ಸಲಾನೂ ಹೀಗೇ ತಾನೆ ಮುಗಿಸ್ತಿದ್ದಿದ್ದು? ಬಾಗಿಲಲ್ಲಿ ನಿಂತು ನಾನು ನೋಡ್ಲಿಲ್ವಾ?”

ಹಜಾರದ ಕಣ್ಣುಗಳೆಲ್ಲ ಲೆನ್ಸಿನಿಂದ ಸ್ಟೂಲಿನತ್ತ ಹೊರಳಿದವು. ಅಲ್ಲಿ ತಂಗಿಯಮ್ಮ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ಎದುರು ಇಡೀ ಊರು. ಮೊದಲು ಹೋಟೆಲಿನವನು ಕುಸಿದ. ಅವನ ಮೇಲೆ ಡಾಕ್ಟರು. ಆಮೇಲೆ ಯಾರ ಮೇಲೆ ಯಾರು ಎಂದು ಹೇಳುವ ಸ್ಥಿತಿಯಲ್ಲಿ ಯಾರೂ ಉಳಿಯಲಿಲ್ಲ.

ತಂಗಿಯಮ್ಮ ನಗಲಿಲ್ಲ. ಸ್ಟೂಲನ್ನು ನೋಡಿದರು. ಕ್ಯಾಮೆರಾ ನೋಡಿದರು. ಗೋಡೆಯ ಮೇಲೆ ಕಣ್ಣನ್ನು ಗಾಜಿಗೆ ಅಂಟಿಸಿ ಕೂತ ಆ ಹುಡುಗಿಯನ್ನು ನೋಡಿದರು. “ಮುಗೀತು ಅಂತಿದ್ಲು,” ಎಂದು ಮೆಲ್ಲಗೆ ಅಂದುಕೊಂಡರು. “ಪ್ರತಿ ವರ್ಷ ಗಾಜಿನ ಪಕ್ಕದಲ್ಲೇ ಮುಗಿಸ್ತಿದ್ಲು. ನಾನು ಗಾಜು ನೋಡ್ತಿದ್ದೆ.” ಆಮೇಲೆ ಗಂಡನತ್ತ ತಿರುಗಿ, “ಇಷ್ಟು ವರ್ಷ ಗೊತ್ತಿದ್ದೂ ಹೇಳಲಿಲ್ವಲ್ರೀ! ಪ್ರತಿ ಸಲಾನೂ ಕಿವೀಲಿ ಕಿರುಚಿ ಕೇಳ್ತಿದ್ದೆನಲ್ಲ, ಆಮೇಲೆ ಏನಾಯ್ತು ಅಂತ!”

“ನೀನು ‘ಆಮೇಲೆ’ ಅಂತ ನಿಲ್ಲಿಸ್ತಿದ್ದೆ. ಅಕ್ಕತಂಗಿ ಆಟ ಅಂದ್ಕೊಂಡೆ. ಆಮೇಲೆ ನೀನು ಕೇಳ್ತಿದ್ದ ಪ್ರಶ್ನೆ ನನಗೆ ಕೇಳಿಸ್ತಿರಲಿಲ್ಲ.”

ಆಗ ಬಂತು ತಂಗಿಯಮ್ಮನ ನಗು. ಹೊಟ್ಟೆಯ ತಳದಿಂದ, ಬದುಕಿಡೀ ಬಾಕಿಯಿಟ್ಟದ್ದೆಲ್ಲ ಒಟ್ಟಿಗೆ. ಸ್ಟೂಲು ನಡುಗಿತು. ಹಲಗೆ ನೆಲ ನಡುಗಿ, ಕೆಳಗೆ ಗ್ರಂಥಾಲಯದ ಕಪಾಟಿನಿಂದ ಪುಸ್ತಕಗಳು ಬಿದ್ದವು. ಗ್ರಂಥಾಲಯದವರು ಏರಿ ಬಂದು, ಬಾಗಿಲು ತೆರೆದು, ಊರೆಲ್ಲ ಒಬ್ಬರ ಮೇಲೊಬ್ಬರು ಬಿದ್ದಿರುವುದನ್ನು ನೋಡಿ, ಅಲ್ಲಿದ್ದ ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟರು. ಅದನ್ನು ಕಂಡು ಉಳಿದವರೂ ಉರುಳಿದರು.

“ಅಮ್ಮಾ, ಮುಚ್ಚಳ! ಮುಚ್ಚಳ!” ಎಂದು ಶಿಷ್ಯೆ ಅಷ್ಟು ಹೊತ್ತಿನಿಂದ ಕೂಗುತ್ತಿದ್ದಳು. ಮುಚ್ಚಳ ತಂಗಿಯಮ್ಮನ ಮಡಿಲಲ್ಲೇ ಇತ್ತು. ಕೊನೆಯ ಫಿಲ್ಮು, ಇಡೀ ಗದ್ದಲವನ್ನು ಬಾಯಿ ತೆರೆದುಕೊಂಡು ಕುಡಿದಿತ್ತು.

ತಂಗಿಯಮ್ಮನ ಮುಖಗಳು ಗೋಡೆಯಿಂದ ಇಳಿಯಲಿಲ್ಲ. ಈಗಲೂ ಅಲ್ಲಿಯೇ ಇವೆ. ನಾನು ಹೋಗಿ ನೋಡಿಬಂದಿದ್ದೇನೆ. ಸ್ಟೂಲು ಮಾತ್ರ ಅಲ್ಲಿಲ್ಲ. “ಇದು ನನ್ನದು,” ಎಂದು ತಂಗಿಯಮ್ಮ ಕಂಕುಳಲ್ಲಿ ಇರುಕಿಕೊಂಡು ಮನೆಗೆ ನಡೆದರಂತೆ.

“ಆ ಫಿಲ್ಮು?” ಎಂದು ಕೇಳಿದರು ಕಂಡಕ್ಟರಮ್ಮ. “ಹಾಳಾಯ್ತು ಪಾಪ?”

ಕಟ್ಟಿನವರು ಮೇಜಿನ ಮೇಲೆ ಮುಖ ಕೆಳಗಾಗಿ ಅಂಟು ಒಣಗುತ್ತಿದ್ದ ದೊಡ್ಡ ಕಟ್ಟನ್ನು ಎತ್ತಿ ನಮ್ಮತ್ತ ತಿರುಗಿಸಿದರು.

ಸಾಲುಗಳಲ್ಲಿ ಒಬ್ಬರಿಗೂ ಮುಖವಿಲ್ಲ. ಬಾಗಿದವರು, ಬಿದ್ದವರು, ಕೈ ಬೀಸಿದವರು ಎಲ್ಲರೂ ಸೇರಿ ಬಿಳಿಯ ಹೊಗೆಯಾಗಿದ್ದಾರೆ. ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಹಲಗೆಯ ಸಂದಿನಿಂದ ಏಳುತ್ತಿದ್ದ ಹಬೆಯ ಹಾಗೆ. ಆ ಹೊಗೆಯ ಮೇಲ್ಗಡೆ, ಕೂದಲೆಳೆಯಷ್ಟೂ ಅಲುಗದೆ, ರೆಪ್ಪೆ ರೆಪ್ಪೆಯೂ ಕಾಣುವಂತೆ ಮೂಡಿರುವುದು ಗೋಡೆಯಲ್ಲಿದ್ದ ಚಿತ್ರ ಒಂದೇ. ಹುಡುಗಿ ತಂಗಿಯಮ್ಮ, ಉಸಿರು ಬಿಗಿ ಹಿಡಿದು, ಕಣ್ಣನ್ನು ಗಾಜಿನ ಮೇಲಿಟ್ಟು, ಕೊನೆಗಾಗಿ ಕಾಯುತ್ತಿದ್ದಾಳೆ. ಅವಳ ಕಾಲ ಬುಡದಲ್ಲೇ ಊರು ನಗುತ್ತಿದೆ.

“ತಂಗಿಯಮ್ಮನ ಮನೆಗೆ ಹೋಗೋದು ಇದು,” ಎಂದರು ಕಟ್ಟಿನವರು. “ಸ್ಟೂಲಿನ ಎದುರಿಗೆ ಹಾಕಬೇಕಂತೆ.”

ಕಂಡಕ್ಟರಮ್ಮ ಎದ್ದರು. ಕುರ್ಚಿಯನ್ನು ಆ ಚಿತ್ರದ ಮುಂದಕ್ಕೆ ಎಳೆದು, ನೆಟ್ಟಗೆ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡರು. ಪಟ್ಟಿಗಳ ಹೊರೆ ನಮ್ಮ ನಗುವಿಗೆ ಜಾರಿ, ನಾವೆಲ್ಲ ಮರದ ಹೊಟ್ಟಿನ ಮೇಲೆ ಬಿದ್ದೆವು. ಅಂಟು ಯಾವಾಗಲೋ ಒಣಗಿತ್ತು. ಮೈಗೆ ಮೆತ್ತಿದ ಹೊಟ್ಟು ಕೊಡವಿಕೊಂಡು, ನಮ್ಮ ನಮ್ಮ ಕಟ್ಟುಗಳನ್ನು ಕಂಕುಳಲ್ಲಿ ಹಿಡಿದು ಎದ್ದೆವು. ಬೀದಿಯ ತಿರುವಿನವರೆಗೂ ಯಾರೋ ಒಬ್ಬರು “ಕೂತ್ಲು!” ಎನ್ನುವುದು, ಉಳಿದವರು ಗೋಡೆ ಹಿಡಿದು ನಿಲ್ಲುವುದು ನಡೆದೇ ಇತ್ತು. ತಿರುವಿನಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದು ಮನೆಗೆ ಹೋದೆವು.